ಪ್ಲಾಸ್ಟರ್ ಬಿಚ್ಚಿದ ನಂತರದ ನಾಲ್ಕು ವರ್ಷ

ನನ್ನ ಮಗ ಹುಟ್ಟಿದಾಗ ಅವನ ಎರಡೂ ಪಾದಗಳು ಒಳಕ್ಕೆ ಮತ್ತು ಕೆಳಕ್ಕೆ ತಿರುಗಿಕೊಂಡಿದ್ದವು. ವೈದ್ಯರು ಇದನ್ನು ಕ್ಲಬ್ ಫೂಟ್ ಎಂದು ಕರೆಯುತ್ತಾರೆ. ನಮ್ಮ ಸಕಲೇಶಪುರದ ಕಡೆ ಜನ ಸೊಟ್ಟಗಾಲು ಎಂದೇ ಹೇಳುವುದು. ಚಿಕಿತ್ಸೆ ಮುಗಿದು ಅವನೀಗ ಎಲ್ಲ ಮಕ್ಕಳಂತೆ ಓಡಾಡಿಕೊಂಡಿದ್ದಾನೆ. ಆ ಕಾರಣಕ್ಕೆ ಹತ್ತಿರದ ಊರುಗಳಲ್ಲಿ ಇಂಥ ಮಗು ಹುಟ್ಟಿದರೆ, "ಆ ಅಕ್ಕನನ್ನು ಒಮ್ಮೆ ಕೇಳಿ ನೋಡಿ" ಎಂದು ಆಶಾ ಕಾರ್ಯಕರ್ತೆಯರು ಮನೆಯವರನ್ನು ನನ್ನ ಬಳಿ ಕಳುಹಿಸುವುದುಂಟು. ಬಂದವರು ಆಪರೇಷನ್ ಆಗಬೇಕೇ, ಎಷ್ಟು ಖರ್ಚಾಗುತ್ತದೆ ಎಂದು ಕೇಳುತ್ತಾರೆ. ಆಸ್ಪತ್ರೆಯಿಂದ ಹಿಂತಿರುಗಿದ ಮೇಲೆ ನಾವು ಏನು ಮಾಡಬೇಕು, ಎಷ್ಟು ವರ್ಷ ಮಾಡಬೇಕು ಎಂದು ಕೇಳುವವರು ತೀರ ಕಡಿಮೆ. ಮಕ್ಕಳ ಮೂಳೆ ಚಿಕಿತ್ಸೆಯ ಬಹುಪಾಲು ನಡೆಯುವುದು ಮನೆಯಲ್ಲಿ, ಮನೆಯವರ ಕೈಯಲ್ಲಿ. ಇದನ್ನು ಮೊದಲ ದಿನವೇ ಯಾರಾದರೂ ಕೂರಿಸಿಕೊಂಡು ವಿವರಿಸಿದರೆ ಎಷ್ಟೋ ಮಕ್ಕಳ ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ನಾನು ವೈದ್ಯೆಯಲ್ಲ. ವೈದ್ಯರಿಂದ ಕೇಳಿ ತಿಳಿದುಕೊಂಡದ್ದನ್ನು, ಓದಿ ಖಚಿತಪಡಿಸಿಕೊಂಡದ್ದನ್ನು, ಪ್ಲಾಸ್ಟರ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಇತರ ತಾಯಂದಿರೊಂದಿಗೆ ಹಂಚಿಕೊಂಡದ್ದನ್ನು ಬರೆಯುತ್ತಿದ್ದೇನೆ.

ಮಕ್ಕಳ ಮೂಳೆಗೆ ಪ್ರತ್ಯೇಕ ತಜ್ಞರು ಏಕೆ ಬೇಕು ಎಂಬುದನ್ನು ಮೊದಲು ಹೇಳಬೇಕು. ಮಕ್ಕಳ ಉದ್ದ ಮೂಳೆಗಳ ತುದಿಗಳ ಹತ್ತಿರ ಮೃದ್ವಸ್ಥಿಯ ತೆಳುವಾದ ಒಂದು ಪದರವಿರುತ್ತದೆ. ಮೂಳೆ ಉದ್ದವಾಗುವುದು ಅಲ್ಲಿಂದ. ಹದಿಹರೆಯದ ಕೊನೆಯ ಹೊತ್ತಿಗೆ, ಹುಡುಗಿಯರಲ್ಲಿ ಹುಡುಗರಿಗಿಂತ ಒಂದೆರಡು ವರ್ಷ ಮೊದಲೇ, ಅದು ಗಟ್ಟಿಯಾಗಿ ಮೂಳೆಯಲ್ಲಿ ಸೇರಿಹೋಗುತ್ತದೆ. ಈ ಬೆಳವಣಿಗೆಯ ಪದರ ಇರುವವರೆಗೆ ಮಣಿಕಟ್ಟಿನ ಹತ್ತಿರ ಮುರಿದ ಮೂಳೆ ಸ್ವಲ್ಪ ಓರೆಯಾಗಿ ಕೂಡಿಕೊಂಡರೂ ಬೆಳೆಯುತ್ತಾ ನೇರವಾಗುತ್ತದೆ. ಅದೇ ಪದರಕ್ಕೇ ಪೆಟ್ಟು ಬಿದ್ದರೆ ಒಂದು ಬದಿ ಬೆಳೆದು ಇನ್ನೊಂದು ಬದಿ ನಿಂತು, ಕೈ ಅಥವಾ ಕಾಲು ವರ್ಷಗಳ ನಂತರ ಸೊಟ್ಟಗಾಗಬಹುದು. ಟೊರಾಂಟೊ ನಗರದ ಸಾಲ್ಟರ್ ಮತ್ತು ಹ್ಯಾರಿಸ್ ಎಂಬ ವೈದ್ಯರು 1963ರಲ್ಲಿ ಇಂತಹ ಪೆಟ್ಟುಗಳನ್ನು 5 ಬಗೆಯಾಗಿ ವಿಂಗಡಿಸಿದರು, ಇಂದಿಗೂ ವೈದ್ಯರು ಅದೇ ವಿಂಗಡಣೆಯಲ್ಲಿ ಮಾತನಾಡುತ್ತಾರೆ. ಮೃದ್ವಸ್ಥಿ ಎಕ್ಸ್‌ರೇಯಲ್ಲಿ ಕಾಣಿಸುವುದಿಲ್ಲವಾದ್ದರಿಂದ ಕೆಲವೊಮ್ಮೆ ವೈದ್ಯರು ಪೆಟ್ಟಾಗದ ಕೈಯ ಎಕ್ಸ್‌ರೇಯನ್ನೂ ತೆಗೆಸುತ್ತಾರೆ. ಚೆನ್ನಾಗಿರುವ ಕೈಗೆ ಏಕೆ ದುಡ್ಡು ಖರ್ಚು ಮಾಡಿಸುತ್ತಾರೆ ಎಂದು ಮನೆಯವರು ಬೇಸರಪಡುವುದನ್ನು ನೋಡಿದ್ದೇನೆ; ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸಿದಾಗಲೇ ವ್ಯತ್ಯಾಸ ತಿಳಿಯುವುದು.

ಕ್ಲಬ್ ಫೂಟ್ ಅಪರೂಪದ ತೊಂದರೆಯಲ್ಲ. ಹುಟ್ಟುವ ಸಾವಿರ ಮಕ್ಕಳಲ್ಲಿ ಒಂದೆರಡು ಮಕ್ಕಳಿಗೆ ಇರುತ್ತದೆ, ಗಂಡುಮಕ್ಕಳಲ್ಲಿ ಸುಮಾರು ಎರಡು ಪಟ್ಟು ಹೆಚ್ಚು, ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಲ್ಲಿ ಎರಡೂ ಪಾದಗಳಲ್ಲಿ. ಬಹುತೇಕ ಮಕ್ಕಳಲ್ಲಿ ಇದಕ್ಕೆ ಇಂಥದ್ದೇ ಕಾರಣ ಎಂದು ಬೆರಳಿಟ್ಟು ತೋರಿಸಲಾಗುವುದಿಲ್ಲ. ವಂಶವಾಹಿಯ ಪಾತ್ರ ಇದೆ ಎಂಬುದು ತಿಳಿದಿದೆ. ತಾಯಿ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದದ್ದಕ್ಕೆ, ಬಸುರಿಯಾಗಿದ್ದಾಗ ಕುಡುಗೋಲು ಹಿಡಿದದ್ದಕ್ಕೆ, ಭಾರ ಹೊತ್ತದ್ದಕ್ಕೆ ಮಗುವಿನ ಕಾಲು ಹೀಗಾಯಿತು ಎಂದು ಹೇಳುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಇದರಲ್ಲಿ ಒಂದೂ ನಿಜವಲ್ಲ. ಬಾಣಂತಿ ಅಳುತ್ತಾ ತನ್ನನ್ನು ತಾನೇ ಹಳಿದುಕೊಳ್ಳುವ ಮನೆಯಲ್ಲಿ ಚಿಕಿತ್ಸೆಗೆ ಬೇಕಾದ ಧೈರ್ಯ ಹುಟ್ಟುವುದಿಲ್ಲವಾದ್ದರಿಂದ, ಗಂಡ ಮತ್ತು ಅತ್ತೆಯ ಎದುರಿನಲ್ಲೇ ಈ ಮಾತನ್ನು ಸ್ಪಷ್ಟವಾಗಿ ಹೇಳಿ ಎಂದು ನಾನು ಪ್ರತಿಯೊಬ್ಬ ವೈದ್ಯರನ್ನೂ ಬೇಡಿಕೊಳ್ಳುತ್ತೇನೆ.

ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವುದು ಪೊನ್ಸೆಟಿ ವಿಧಾನ. ಸ್ಪೇನ್ ದೇಶದಲ್ಲಿ ಹುಟ್ಟಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದ ಡಾ. ಇಗ್ನಾಸಿಯೊ ಪೊನ್ಸೆಟಿ ಅವರು, ದೊಡ್ಡ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಪಾದಗಳು ವಯಸ್ಸಾದಂತೆ ಬಿಗಿದುಕೊಂಡು ನೋಯುವುದನ್ನು ಕಂಡು, ಕೈಯಿಂದಲೇ ಪಾದವನ್ನು ಮೃದುವಾಗಿ ತಿರುಗಿಸಿ ವಾರವಾರ ಪ್ಲಾಸ್ಟರ್ ಹಾಕುವ ಕ್ರಮವನ್ನು ರೂಪಿಸಿದರು; 1963ರಲ್ಲಿ ಅದರ ಫಲಿತಾಂಶಗಳನ್ನು ಪ್ರಕಟಿಸಿದರು. ಹಲವು ದಶಕಗಳ ಕಾಲ ಹೆಚ್ಚಿನ ವೈದ್ಯರು ಅದರತ್ತ ಗಮನ ಕೊಡಲಿಲ್ಲ. 1990ರ ದಶಕದ ಕೊನೆಯಲ್ಲಿ ಅದು ಹರಡಲು ದೊಡ್ಡ ಕಾರಣರಾದವರು ತಮ್ಮ ಮಕ್ಕಳಿಗೆ ಅಯೋವಾದಲ್ಲಿ ಚಿಕಿತ್ಸೆ ಕೊಡಿಸಿ ಅಂತರಜಾಲದಲ್ಲಿ ಬರೆದ ತಂದೆತಾಯಿಯರು ಎಂಬುದು ನನಗೆ ಬಹಳ ಮುಖ್ಯವೆನಿಸುತ್ತದೆ. ಪೊನ್ಸೆಟಿ ಅವರು ಹುಟ್ಟಿದ ಜೂನ್ 3ನ್ನು ಈಗ ವಿಶ್ವ ಕ್ಲಬ್ ಫೂಟ್ ದಿನವಾಗಿ ಆಚರಿಸುತ್ತಾರೆ.

ಚಿಕಿತ್ಸೆಯನ್ನು ಹುಟ್ಟಿದ ಒಂದೆರಡು ವಾರಗಳಲ್ಲೇ ಆರಂಭಿಸುವುದು ಒಳ್ಳೆಯದು. ತಡವಾಗಿ ಬಂದ ಮಕ್ಕಳಿಗೂ ಪ್ರಯೋಜನವಾಗುತ್ತದೆ, ಆದರೆ ಎಳೆಯ ಪಾದದಲ್ಲಿ ಮೂಳೆಗಳನ್ನು ಹಿಡಿದಿಡುವ ಕಟ್ಟುಗಳು ಹೆಚ್ಚು ಸುಲಭವಾಗಿ ಸಡಿಲಗೊಳ್ಳುತ್ತವೆ. ಮೂರು ತಿಂಗಳು ಕಳೆಯಲಿ, ಬಾಣಂತನ ಮುಗಿಯಲಿ, ಎಣ್ಣೆ ಹಚ್ಚಿ ನೀವಿದರೆ ಸರಿಯಾಗುತ್ತದೆ ಎನ್ನುವ ಹಿರಿಯರಿಗೆ ಗೌರವದಿಂದಲೇ ಇದನ್ನು ವಿವರಿಸಬೇಕು. ನೀವುವುದರಿಂದ ಕ್ಲಬ್ ಫೂಟ್ ನೇರವಾಗುವುದಿಲ್ಲ. ಪ್ಲಾಸ್ಟರ್ ಕೋಣೆಯಲ್ಲಿ ಒಬ್ಬರು ಪಾದವನ್ನು ಹಿಡಿದು ತಿರುಗಿಸಿ ನಿಲ್ಲಿಸುತ್ತಾರೆ, ಇನ್ನೊಬ್ಬರು ಕಾಲ್ಬೆರಳಿನಿಂದ ತೊಡೆಯ ಮೇಲ್ಭಾಗದವರೆಗೆ, ಮೊಣಕಾಲನ್ನು ಮಡಿಸಿ, ಹತ್ತಿ ಸುತ್ತಿ ಪ್ಲಾಸ್ಟರ್ ಹಾಕುತ್ತಾರೆ. ಮಗು ಅಳುವುದು ಹೆಚ್ಚಾಗಿ ಕಾಲನ್ನು ಹಿಡಿದದ್ದಕ್ಕೆ. ಆ ಹೊತ್ತಿಗೆ ಹಸಿದಿದ್ದು ಅಲ್ಲಿಯೇ ಹಾಲು ಕುಡಿಯುವಂತಾದರೆ ಬಹಳ ಮಕ್ಕಳು ಸುಮ್ಮನಾಗುತ್ತವೆ. ಹೀಗೆ ವಾರಕ್ಕೊಂದರಂತೆ ಸಾಮಾನ್ಯವಾಗಿ 5ರಿಂದ 7 ಪ್ಲಾಸ್ಟರ್‌ಗಳು ಬೇಕಾಗುತ್ತವೆ, ಪ್ರತಿ ಸಲವೂ ಪಾದ ಇನ್ನಷ್ಟು ಹೊರಕ್ಕೆ ತಿರುಗಿರುವುದು ಕಣ್ಣಿಗೇ ಕಾಣುತ್ತದೆ.

ಮನೆಯಲ್ಲಿ ಗಮನಿಸಬೇಕಾದದ್ದು ಬೆರಳುಗಳನ್ನು. ಅವು ಬೆಚ್ಚಗೆ, ಕೆಂಪುಬಿಳುಪಾಗಿ ಇರಬೇಕು. ಒತ್ತಿ ಬಿಟ್ಟರೆ ಬಿಳಿಚಿಕೊಂಡು ತಕ್ಷಣ ಬಣ್ಣ ಮರಳಬೇಕು. ಬೆರಳು ನೀಲಿಯಾದರೆ, ಊದಿದರೆ, ತಣ್ಣಗಾದರೆ, ಅಥವಾ ಹೊರಗಿದ್ದ ಬೆರಳು ಪ್ಲಾಸ್ಟರ್ ಒಳಕ್ಕೆ ಸರಿದುಹೋದರೆ ಮುಂದಿನ ವಾರದವರೆಗೆ ಕಾಯದೆ ಅಂದೇ ಹೋಗಬೇಕು, ಏಕೆಂದರೆ ಜಾರಿದ ಪ್ಲಾಸ್ಟರ್ ಪಾದವನ್ನು ತಪ್ಪಾದ ಆಕಾರದಲ್ಲಿ ಹಿಡಿದಿಡುತ್ತದೆ. ಮಲೆನಾಡಿನವರಾದ ನಮಗೆ ಇನ್ನೊಂದು ಕಷ್ಟವಿದೆ. ಜುಲೈ ತಿಂಗಳ ಮಳೆಯಲ್ಲಿ ಹಾಕಿದ ಪ್ಲಾಸ್ಟರ್ ಒಣಗುವುದೇ ಇಲ್ಲ, ಬಸ್ಸಿನಲ್ಲಿ ಬರುವಾಗ ನೆನೆಯುತ್ತದೆ, ಮನೆಯಲ್ಲಿ ಒಲೆಯ ಮುಂದೆ ಹಿಡಿಯುವ ಆಸೆಯಾಗುತ್ತದೆ. ಬೆಂಕಿಯ ಶಾಖ ಪ್ಲಾಸ್ಟರ್ ಮೂಲಕ ಚರ್ಮವನ್ನು ಸುಡಬಹುದು. ಫ್ಯಾನ್ ಗಾಳಿಗೆ, ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟು, ಬಟ್ಟೆ ಹೊದಿಸದೆ ಬಿಡುವುದೇ ಸರಿ. ಎಣ್ಣೆನೀರಿನ ಸ್ನಾನದ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮಗುವಿಗೆ ಯಾವ ಕೊರತೆಯೂ ಆಗುವುದಿಲ್ಲ.

ಪ್ಲಾಸ್ಟರ್‌ಗಳ ಕೊನೆಯಲ್ಲಿ ಹೆಚ್ಚಿನ ಮಕ್ಕಳಿಗೆ ಹಿಮ್ಮಡಿಯ ಹಿಂದಿನ ಬಿಗಿಯಾದ ನರವನ್ನು, ಅಂದರೆ ಸ್ನಾಯುವನ್ನು ಮೂಳೆಗೆ ಸೇರಿಸುವ ಹುರಿಯನ್ನು, ಸಣ್ಣದಾಗಿ ಕತ್ತರಿಸಬೇಕಾಗುತ್ತದೆ. ಎಳೆಯ ಮಗುವಿನಲ್ಲಿ ಇದನ್ನು ಆ ಜಾಗವನ್ನಷ್ಟೇ ಮರಗಟ್ಟಿಸಿ ಕೆಲವೇ ನಿಮಿಷಗಳಲ್ಲಿ ಮಾಡಿ, ಮೂರು ವಾರಗಳ ಕೊನೆಯ ಪ್ಲಾಸ್ಟರ್ ಹಾಕುತ್ತಾರೆ. ಅಷ್ಟರಲ್ಲಿ ಆ ಹುರಿ ಬೇಕಾದಷ್ಟು ಉದ್ದವಾಗಿ ಮತ್ತೆ ಕೂಡಿಕೊಂಡಿರುತ್ತದೆ.

ಇಲ್ಲಿಂದ ಮುಂದಿನದು ಮನೆಯವರ ಪಾಲು. ಪ್ಲಾಸ್ಟರ್ ಬಿಚ್ಚಿದಾಗ ಪಾದ ನೇರವಾಗಿ, ಚೆಂದವಾಗಿ ಕಾಣುತ್ತದೆ, ಎಲ್ಲವೂ ಮುಗಿಯಿತು ಎನಿಸುತ್ತದೆ. ಆ ದಿನವೇ ಕೈಗೆ ಬ್ರೇಸ್ ಬರುತ್ತದೆ: ಎರಡು ಪುಟ್ಟ ಬೂಟುಗಳು, ಅವುಗಳ ನಡುವೆ ಮಗುವಿನ ಭುಜದ ಅಗಲದ ಒಂದು ಕಂಬಿ, ತೊಂದರೆಯಿದ್ದ ಪಾದ ಹೊರಕ್ಕೆ 60ರಿಂದ 70 ಡಿಗ್ರಿ ತಿರುಗಿರುವಂತೆ ಜೋಡಣೆ. ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ರಾತ್ರಿಯ ನಿದ್ದೆಯಲ್ಲಿ ಮತ್ತು ಹಗಲು ಮಲಗಿದಾಗ, ಮಗುವಿಗೆ ನಾಲ್ಕು ವರ್ಷ ತುಂಬುವವರೆಗೆ, ಕೆಲವರಿಗೆ ಐದರವರೆಗೆ. ಪಾದ ಮತ್ತೆ ತಿರುಗುವುದಕ್ಕೆ ಅತಿ ದೊಡ್ಡ ಕಾರಣ ಬ್ರೇಸನ್ನು ನಡುವೆ ನಿಲ್ಲಿಸುವುದು ಎಂದು ಈ ಕ್ಷೇತ್ರದ ವೈದ್ಯರೆಲ್ಲ ಒಂದೇ ದನಿಯಲ್ಲಿ ಹೇಳುತ್ತಾರೆ.

ನಿಲ್ಲಿಸುವವರು ಮಗುವಿನ ಮೇಲೆ ಪ್ರೀತಿಯಿಲ್ಲದವರಲ್ಲ, ಪ್ರೀತಿಯಿಂದಲೇ ನಿಲ್ಲಿಸುತ್ತಾರೆ. ಮೊದಲ ಒಂದೆರಡು ರಾತ್ರಿ ಮಗು ಹಟ ಹಿಡಿದು ಅಳುತ್ತದೆ. ಒಂದೊಂದೇ ಕಾಲನ್ನು ಒದೆಯಲು ನೋಡಿ ಆಗದೆ ಸಿಟ್ಟಾಗುತ್ತದೆ. ಪಕ್ಕದ ಕೋಣೆಯಿಂದ ಎದ್ದು ಬಂದ ಅಜ್ಜಿ "ಪಾಪ ಕಣೇ, ಇವತ್ತೊಂದು ರಾತ್ರಿ ಬಿಚ್ಚಿಡೇ" ಎನ್ನುತ್ತಾರೆ. ಆ ಒಂದು ರಾತ್ರಿಯೇ ಮರುದಿನದ ಹಟಕ್ಕೆ ದಾರಿಯಾಗುತ್ತದೆ. ಎರಡೂ ಕಾಲನ್ನು ಒಟ್ಟಿಗೆ ಮಡಿಸಿ ಚಾಚುವುದನ್ನು ನಾವೇ ಕಂಬಿ ಹಿಡಿದು ಆಟವಾಗಿ ಕಲಿಸಿದರೆ ಮಗು ಬೇಗ ಒಗ್ಗಿಕೊಳ್ಳುತ್ತದೆ. ಹತ್ತಿಯ ಕಾಲುಚೀಲ ಮಡಿಕೆ ಬೀಳದಂತಿರಬೇಕು, ಹಿಮ್ಮಡಿ ಬೂಟಿನ ತಳಕ್ಕೆ ಮುಟ್ಟಿರಬೇಕು, ನಡುವಿನ ಪಟ್ಟಿಯನ್ನು ಮೊದಲು ಬಿಗಿಯಬೇಕು. ಮೊದಲ ದಿನಗಳಲ್ಲಿ ಚರ್ಮ ಸ್ವಲ್ಪ ಕೆಂಪಾಗುವುದು ಸಹಜ. ಬೊಬ್ಬೆ ಎದ್ದರೆ ಬೂಟು ಸಡಿಲವಿದ್ದು ಹಿಮ್ಮಡಿ ಜಾರುತ್ತಿದೆ ಎಂದರ್ಥ. ಬ್ರೇಸ್ ಬಿಟ್ಟುಬಿಡದೆ ತೋರಿಸಿ ಸರಿಪಡಿಸಿಕೊಳ್ಳಬೇಕು. ಮಳೆಗಾಲದಲ್ಲಿ ಚರ್ಮದ ಬೂಟಿಗೆ ಬೂಷ್ಟು ಹಿಡಿಯುವುದು ನಮ್ಮ ಕಡೆಯ ನಿತ್ಯದ ಗೋಳು. ಒಣಬಟ್ಟೆಯಲ್ಲಿ ಒರೆಸಿ, ಬ್ರೇಸ್ ಇಲ್ಲದ ಹೊತ್ತಿನಲ್ಲಿ ಗಾಳಿಗೆ ತೆರೆದಿಡುವುದನ್ನು ರೂಢಿ ಮಾಡಿಕೊಳ್ಳಬೇಕು. ಮಗು ಬೆಳೆದಂತೆ ಬೂಟು ಚಿಕ್ಕದಾಗುತ್ತದೆ. ಬೆರಳು ಬೂಟಿನ ಅಂಚಿನಿಂದ ಹೊರಬಂದು ಮಡಿಸಿಕೊಳ್ಳುವ ಮೊದಲೇ ದೊಡ್ಡದನ್ನು ಕೇಳಿ ತರಬೇಕು.

ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ ಕಾಫಿ ಕೊಯ್ಲಿನ ಕಾಲ. ಲೈನ್ ಮನೆಗಳಲ್ಲಿ ಇರುವ ತಂದೆತಾಯಿ ಇಬ್ಬರೂ ಬೆಳಗ್ಗೆ ತೋಟಕ್ಕೆ ಹೋದರೆ ಮಗುವನ್ನು ನೋಡಿಕೊಳ್ಳುವವರು ಅಕ್ಕನೋ ಅಜ್ಜಿಯೋ ಆಗಿರುತ್ತಾರೆ, ಒಂದು ದಿನ ಆಸ್ಪತ್ರೆಗೆ ಹೋದರೆ ಆ ದಿನದ ಕೂಲಿ ಹೋಗುತ್ತದೆ. ಇಂಥ ಕುಟುಂಬ ಆಸ್ಪತ್ರೆಯ ಭೇಟಿ ತಪ್ಪಿಸಿಕೊಂಡಾಗ ನಿರ್ಲಕ್ಷ್ಯ ಎಂಬ ಮಾತು ಆಡುವುದು ಅನ್ಯಾಯ. ತೋಟದ ಮಾಲೀಕರು ಚಿಕಿತ್ಸೆಯ ದಿನ ಕೂಲಿ ಕತ್ತರಿಸದಿದ್ದರೆ, ಆಸ್ಪತ್ರೆಯವರು ಮಗುವನ್ನು ದಿನವಿಡೀ ನೋಡಿಕೊಳ್ಳುವ ಆ ಅಜ್ಜಿಯನ್ನೇ ಕರೆಸಿ ಬ್ರೇಸ್ ಹಾಕುವುದನ್ನು ಕಲಿಸಿದರೆ, ಅದೇ ಚಿಕಿತ್ಸೆಯ ಅತಿ ಮುಖ್ಯ ಭಾಗವಾಗುತ್ತದೆ.

ಮಗು ನಡೆಯುವುದು ಬ್ರೇಸಿನಿಂದ ಹೆಚ್ಚೇನೂ ತಡವಾಗುವುದಿಲ್ಲ. ಒಂದೇ ಪಾದದ ತೊಂದರೆಯಿದ್ದರೆ ಆ ಪಾದ ಇನ್ನೊಂದಕ್ಕಿಂತ ಸ್ವಲ್ಪ ಚಿಕ್ಕದಾಗಿ, ಮೀನಖಂಡ ತೆಳ್ಳಗಾಗಿ ಜೀವನಪೂರ್ತಿ ಉಳಿಯುತ್ತದೆ. ಇದು ಚಿಕಿತ್ಸೆಯ ಸೋಲಲ್ಲ. ಹಿಮ್ಮಡಿ ನೆಲ ಮುಟ್ಟದಿದ್ದರೆ, ಮಗು ಪಾದದ ಹೊರ ಅಂಚಿನ ಮೇಲೆ ನಡೆಯತೊಡಗಿದರೆ ಮಾತ್ರ ತಕ್ಷಣ ತೋರಿಸಬೇಕು. ಮತ್ತೆ ಕೆಲವು ಪ್ಲಾಸ್ಟರ್ ಹಾಕಿ, ಅಗತ್ಯವಿದ್ದರೆ ಮೂರು ವರ್ಷದ ಆಸುಪಾಸಿನಲ್ಲಿ ಪಾದದ ಒಂದು ಸ್ನಾಯುವಿನ ತುದಿಯನ್ನು ಬೇರೆಡೆಗೆ ಜೋಡಿಸುವ ಶಸ್ತ್ರಚಿಕಿತ್ಸೆ ಮಾಡಿ ಸರಿಪಡಿಸುತ್ತಾರೆ.

ಪಾದದ ತೊಂದರೆ ಹುಟ್ಟಿದ ಕ್ಷಣವೇ ಕಾಣುತ್ತದೆ. ಸೊಂಟದ ಕೀಲಿನದು ಕಾಣುವುದಿಲ್ಲ, ಅದಕ್ಕಾಗಿ ಅದರ ಬಗ್ಗೆ ನನಗೆ ಹೆಚ್ಚು ಆತಂಕ. ಕೆಲವು ಶಿಶುಗಳಲ್ಲಿ ತೊಡೆಮೂಳೆಯ ಗುಂಡು ತಲೆ ಅದರ ಬಟ್ಟಲಿನಲ್ಲಿ ಸರಿಯಾಗಿ ಕೂತಿರುವುದಿಲ್ಲ. ಹೆಣ್ಣುಮಕ್ಕಳಲ್ಲಿ, ಚೊಚ್ಚಲ ಮಗುವಿನಲ್ಲಿ, ಗರ್ಭದಲ್ಲಿ ತಲೆ ಮೇಲಾಗಿ ಕುಳಿತಿದ್ದ ಮಗುವಿನಲ್ಲಿ, ಮನೆಯಲ್ಲಿ ಬೇರೆ ಯಾರಿಗಾದರೂ ಇದ್ದಲ್ಲಿ ಇದರ ಸಾಧ್ಯತೆ ಹೆಚ್ಚು. ಇಂಥ ಮಕ್ಕಳ ಸೊಂಟವನ್ನು ಹುಟ್ಟಿದಾಗ ಕೈಯಿಂದ ಪರೀಕ್ಷಿಸಿ, ಸುಮಾರು ಆರು ವಾರದ ಹೊತ್ತಿಗೆ ಅಲ್ಟ್ರಾಸೌಂಡ್ ಮಾಡಿಸುವುದು ಒಳ್ಳೆಯದು. ನಾಲ್ಕು ತಿಂಗಳಿಗೆ ಮೊದಲು ಎಕ್ಸ್‌ರೇಯಲ್ಲಿ ಸರಿಯಾಗಿ ತಿಳಿಯುವುದಿಲ್ಲ. ಆರು ತಿಂಗಳೊಳಗೆ ಗೊತ್ತಾದರೆ ಪಾವ್ಲಿಕ್ ಹಾರ್ನೆಸ್ ಎಂಬ ಬಟ್ಟೆಯ ಪಟ್ಟಿಗಳೇ ಹೆಚ್ಚಿನ ಮಕ್ಕಳಿಗೆ ಸಾಕು. ಆಮೇಲಾದರೆ ಅರಿವಳಿಕೆ ಕೊಟ್ಟು ಕೀಲನ್ನು ಕೂರಿಸಿ ಎದೆಯಿಂದ ಕಾಲಿನವರೆಗೆ ಸ್ಪೈಕಾ ಎಂಬ ದೊಡ್ಡ ಪ್ಲಾಸ್ಟರ್ ಹಾಕಬೇಕು, ಅದು ಸುಮಾರು ಮೂರು ತಿಂಗಳು ಇರುತ್ತದೆ. ನಡೆಯಲು ಕಲಿತ ಮೇಲೆ ಗೊತ್ತಾದರೆ ಬಹುತೇಕ ಶಸ್ತ್ರಚಿಕಿತ್ಸೆಯೇ ಬೇಕು. ಮಗು ಕುಂಟುತ್ತದೆ ಆದರೆ ನೋವೆನ್ನುವುದಿಲ್ಲ, ಆದ್ದರಿಂದ "ಹೊಸದಾಗಿ ನಡೆಯುವ ಮಗು, ಹಾಗೇ" ಎಂದು ತಿಂಗಳುಗಳು ಕಳೆದುಹೋಗುತ್ತವೆ. ನಮ್ಮಲ್ಲಿ ಸ್ನಾನದ ನಂತರ ಚಳಿಯೆಂದು ಮಗುವಿನ ಕಾಲನ್ನು ನೀಟಾಗಿ ಚಾಚಿಸಿ ಬಿಗಿಯಾಗಿ ಸುತ್ತುವುದುಂಟು. ಅದು ಈ ಕೀಲಿಗೆ ಒಳ್ಳೆಯದಲ್ಲ. ಮೈಯನ್ನು ಸುತ್ತಿ, ಕಾಲುಗಳು ಮಡಿಸಿಕೊಂಡು ಅಗಲವಾಗಿ ಆಡುವಷ್ಟು ಜಾಗ ಬಿಡಬೇಕು. ನಮ್ಮ ಹೆಂಗಸರು ಮಗುವನ್ನು ಸೊಂಟದ ಮೇಲೆ ಕಾಲು ಇಕ್ಕೆಲಕ್ಕೂ ಹಾಕಿಸಿ ಎತ್ತಿಕೊಳ್ಳುವ ರೂಢಿಯಿದೆಯಲ್ಲ, ವೈದ್ಯರು ಬಯಸುವ ಭಂಗಿ ಅದೇ.

ಇನ್ನು ಮುರಿತದ ವಿಚಾರ. ಪೇರಳೆ ಮರದಿಂದಲೋ ಕಣದ ಕಟ್ಟೆಯಿಂದಲೋ ಕೈ ಊರಿ ಬಿದ್ದ 5ರಿಂದ 7 ವರ್ಷದ ಮಗುವಿಗೆ ಮೊಣಕೈಗಿಂತ ಸ್ವಲ್ಪ ಮೇಲೆ ಮೂಳೆ ಮುರಿಯುವುದು ಬಹಳ ಸಾಮಾನ್ಯ. ಕೈಗೆ ರಕ್ತ ಒಯ್ಯುವ ಮುಖ್ಯ ನಾಳ ಅಲ್ಲಿಯೇ ಹಾದುಹೋಗುತ್ತದೆ. ಊತ ಏರುತ್ತಿರುವಾಗ ಬಿದಿರಿನ ದಬ್ಬೆಯಿಟ್ಟು ಬಿಗಿಯಾಗಿ ನಾಟಿ ಕಟ್ಟು ಹಾಕಿಸಿದರೆ ಒಳಗಿನ ಸ್ನಾಯುಗಳಿಗೆ ರಕ್ತ ನಿಂತು, ಕೆಲವೇ ಗಂಟೆಗಳಲ್ಲಿ ಅವು ಸತ್ತು, ಬೆರಳುಗಳು ಶಾಶ್ವತವಾಗಿ ಮುದುಡಿಕೊಳ್ಳಬಹುದು. ಜರ್ಮನಿಯ ವೈದ್ಯ ಫೋಕ್‌ಮನ್ 1881ರಲ್ಲೇ ಇದನ್ನು ಬರೆದಿದ್ದಾರೆ, ಆದರೂ ಇಂಥ ಕೈಗಳು ಇನ್ನೂ ಆಸ್ಪತ್ರೆಗೆ ಬರುತ್ತವೆ. ನಾಟಿ ಕಟ್ಟಿನವರ ಮೇಲೆ ನಮ್ಮ ಜನ ಇಟ್ಟ ನಂಬಿಕೆ ಹಳೆಯದು, ಹತ್ತಿರದಲ್ಲಿ ಸಿಗುವವರೂ ಅವರೇ. ಆದರೆ ಮಗುವಿನ ಮೊಣಕೈಯ ವಿಷಯದಲ್ಲಿ ನಾನು ಯಾವ ರಾಜಿಗೂ ಸಿದ್ಧಳಿಲ್ಲ. ಕೈ ಇದ್ದ ಭಂಗಿಯಲ್ಲೇ ರಟ್ಟೋ ಪುಸ್ತಕವೋ ಆಧಾರ ಕೊಟ್ಟು, ಬಳೆ ಉಂಗುರ ತೆಗೆದು, ಅರಿವಳಿಕೆ ಬೇಕಾಗಬಹುದಾದ್ದರಿಂದ ಏನನ್ನೂ ತಿನ್ನಿಸದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಮುರಿದ ಮೂಳೆಯನ್ನು ಹಿಡಿದಿಡಲು ತಂತಿ ಹಾಕಿದ್ದರೆ ಅದನ್ನು ಮೂರ್ನಾಲ್ಕು ವಾರಗಳಲ್ಲಿ ತೆಗೆಯುತ್ತಾರೆ. ಆಮೇಲೆ ಬಿಗಿದ ಮೊಣಕೈಯನ್ನು ಎಣ್ಣೆ ಹಚ್ಚಿ ತಿಕ್ಕಬಾರದು, ಎಳೆದು ಚಾಚಿಸಬಾರದು. ಹಾಗೆ ಮಾಡಿದರೆ ಸ್ನಾಯುವಿನೊಳಗೇ ಮೂಳೆ ಬೆಳೆಯಬಹುದು. ಮಗು ತನ್ನಷ್ಟಕ್ಕೆ ಆಡಿಕೊಂಡೇ ಅದನ್ನು ಸಡಿಲಿಸಿಕೊಳ್ಳುತ್ತದೆ.

ಎಲ್ಲದಕ್ಕೂ ಓಡಬೇಕಾಗಿಯೂ ಇಲ್ಲ. ಎರಡು ವರ್ಷದವರೆಗೆ ಕಾಲು ಬಿಲ್ಲಿನಂತೆ ಬಾಗಿರುವುದು, ಮೂರು ನಾಲ್ಕು ವರ್ಷದಲ್ಲಿ ಮಂಡಿಗಳು ಒಂದಕ್ಕೊಂದು ತಾಗುವುದು, ಚಿಕ್ಕ ಮಕ್ಕಳ ಪಾದ ಚಪ್ಪಟೆಯಾಗಿರುವುದು ಹೆಚ್ಚಾಗಿ ಬೆಳವಣಿಗೆಯ ಭಾಗ, ಏಳು ವರ್ಷದ ಹೊತ್ತಿಗೆ ಸರಿಹೋಗುತ್ತದೆ. ಒಂದೇ ಕಾಲು ಬಾಗಿದ್ದರೆ, ವಯಸ್ಸಾದಂತೆ ಹೆಚ್ಚುತ್ತಿದ್ದರೆ ತೋರಿಸಬೇಕು. ಮಗು ಕುಳ್ಳಗಿದ್ದು ಮಣಿಕಟ್ಟು ದಪ್ಪವಾಗಿದ್ದರೆ ವಿಟಮಿನ್ ಡಿ ಕೊರತೆಯಿಂದ ಮೂಳೆ ಮೆದುವಾಗುವ ರಿಕೆಟ್ಸ್ ಇರಬಹುದು. ಸಂಜೆ ಎರಡೂ ಕಾಲು ನೋಯುತ್ತದೆಂದು ಅತ್ತು ಬೆಳಗ್ಗೆ ಓಡುವ ಮಗುವಿಗೆ ಹೆದರಬೇಕಾಗಿಲ್ಲ. ಜ್ವರ ಬಂದು ಕಾಲನ್ನು ಮುಟ್ಟಲೂ ಬಿಡದ ಮಗುವನ್ನು ಮಾತ್ರ ಬೆಳಗಾಗುವವರೆಗೆ ಕಾಯದೆ ಅದೇ ರಾತ್ರಿ ಕರೆದೊಯ್ಯಬೇಕು, ಏಕೆಂದರೆ ಕೀಲಿನೊಳಗಿನ ಕೀವು ಮೃದ್ವಸ್ಥಿಯನ್ನು ಬಹಳ ಬೇಗ ಹಾಳುಮಾಡುತ್ತದೆ. ಮಂಡಿ ನೋವೆಂದು ಹೇಳುತ್ತಾ ಕುಂಟುವ ಶಾಲಾ ಬಾಲಕನ ಸೊಂಟವನ್ನೂ ಪರೀಕ್ಷಿಸಲು ಕೇಳಿ. ತೊಡೆಮೂಳೆಯ ತಲೆಗೆ ರಕ್ತ ಕಡಿಮೆಯಾಗುವ ಪರ್ಥೀಸ್ ಎಂಬ ಕಾಯಿಲೆ ಹೀಗೆಯೇ ಆರಂಭವಾಗುತ್ತದೆ, ಅದು ಘಟ್ಟದ ಕೆಳಗಿನ ಉಡುಪಿಯ ಕಡೆ ಹೆಚ್ಚಾಗಿ ಕಂಡುಬರುವುದನ್ನು ಮಣಿಪಾಲದ ಡಾ. ಬೆಂಜಮಿನ್ ಜೋಸೆಫ್ ಮತ್ತವರ ಸಹೋದ್ಯೋಗಿಗಳು 1980ರ ದಶಕದಲ್ಲೇ ದಾಖಲಿಸಿದ್ದಾರೆ.

ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಬರೋಣ. ಹಾಸನದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಾದ ಹಿಮ್ಸ್‌ನ ಮೂಳೆ ವಿಭಾಗ ಮೊದಲ ಮೆಟ್ಟಿಲು. ಅಲ್ಲಿಂದ ಮುಂದಕ್ಕೆ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಸಂಜಯ್ ಗಾಂಧಿ ಆಘಾತ ಮತ್ತು ಮೂಳೆ ಚಿಕಿತ್ಸಾ ಸಂಸ್ಥೆ, ಅಥವಾ ಘಟ್ಟ ಇಳಿದು ಮಣಿಪಾಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದವರು ಅಂಗನವಾಡಿ ಮತ್ತು ಶಾಲೆಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತಾರೆ. ಕ್ಲಬ್ ಫೂಟ್ ಮತ್ತು ಸೊಂಟದ ಕೀಲಿನ ತೊಂದರೆ ಎರಡೂ ಅವರ ಪಟ್ಟಿಯಲ್ಲಿವೆ, ಅವರ ಮೂಲಕ ಹೋದರೆ ಚಿಕಿತ್ಸೆ ಉಚಿತ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆಯಿದೆ, ಆದರೆ ಖಾಸಗಿ ಆಸ್ಪತ್ರೆಯಲ್ಲಿ ಹೆಚ್ಚಿನ ಚಿಕಿತ್ಸೆಗಳಿಗೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬರೆಸಿಕೊಂಡಿರಬೇಕು. ಇದು ಗೊತ್ತಿಲ್ಲದೆ ನೇರವಾಗಿ ಹೋಗಿ ಕೈಯಿಂದ ಹಣ ಕಟ್ಟಿದ ಕುಟುಂಬಗಳನ್ನು ಕಂಡಿದ್ದೇನೆ.

ಹೋಗುವಾಗ ತಾಯಿ ಕಾರ್ಡ್, ಹೆರಿಗೆಯ ಡಿಸ್ಚಾರ್ಜ್ ಪತ್ರ, ಹಳೆಯ ಎಕ್ಸ್‌ರೇಗಳು, ರೇಷನ್ ಕಾರ್ಡ್, ಆಧಾರ್ ಒಂದೇ ಚೀಲದಲ್ಲಿರಲಿ. ನಡೆಯುವ ಮಗುವಾದರೆ ಚಡ್ಡಿ ಹಾಕಿಸಿ. ವೈದ್ಯರು ಬರಿಗಾಲಿನಲ್ಲಿ ನಡೆಸಿ, ಓಡಿಸಿ ನೋಡುತ್ತಾರೆ, ಅವನು ಮನೆಯಲ್ಲಿ ನಡೆಯುವ ವಿಡಿಯೊ ಮೊಬೈಲಿನಲ್ಲಿದ್ದರೆ ಇನ್ನೂ ಉಪಯೋಗ. ಮಳೆಗೆ ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಮಣ್ಣು ಕುಸಿದು ರಸ್ತೆ ಮುಚ್ಚಿ ಹೋಗಲಾಗದಿದ್ದರೆ ಸುಮ್ಮನಿರದೆ ಆಸ್ಪತ್ರೆಗೆ ಫೋನ್ ಮಾಡಿ ಏನು ಮಾಡಬೇಕೆಂದು ಕೇಳಿ. ಅದಕ್ಕಾಗಿ ಮೊದಲ ಭೇಟಿಯಲ್ಲೇ ಪ್ಲಾಸ್ಟರ್ ಕೋಣೆಯ ನಂಬರನ್ನು ಬರೆಸಿಕೊಂಡು, ಮುಂದಿನ ಭೇಟಿಯ ದಿನಾಂಕಗಳ ಜೊತೆಗೆ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಬ್ರೇಸ್ ನಿಂತ ಮೇಲೂ ಬೆಳವಣಿಗೆ ಮುಗಿಯುವವರೆಗೆ ಆಗಾಗ್ಗೆ ತೋರಿಸುತ್ತಿರಬೇಕಾಗುತ್ತದೆ, ಆ ದಿನಾಂಕಗಳೂ ಅಲ್ಲಿಯೇ ಇರಲಿ.